ಎ ವಿಂಗ್ ಲಿಫ್ಟ್, ಮಾಸ್ಕ್ ಮತ್ತು ದಂಡದ ವಿಚಾರ: ಎಲ್ಲರೂ ಓದಿ ಉತ್ತರ ಕೊಡಿ

ಮುಲುಂಡ್ ಪೂರ್ವ, ನಮ್ಮ ಸೊಸೈಟಿಯ ಕನ್ನಡ ಗುಂಪು. 2022ರ ಜನವರಿ 8, ಶನಿವಾರ

ರಾವ್, ಎ-301 (ಸೆಕ್ರೆಟರಿ), ಬೆಳಿಗ್ಗೆ 7:40
ಎಲ್ಲರಿಗೂ ನಮಸ್ಕಾರ. ನಿನ್ನೆ ಮುಂಬೈಯಲ್ಲಿ ಒಂದೇ ದಿನದ ಕೊರೊನಾ ಕೇಸಿನ ಲೆಕ್ಕ 20 ಸಾವಿರ ದಾಟಿದೆ. ನಮ್ಮ ಎ ವಿಂಗ್‌ನಲ್ಲಿ ಸದ್ಯ ನಾಲ್ಕು ಮನೆಯಲ್ಲಿ ಪಾಸಿಟಿವ್. ಹೊಸ ನಿಯಮ ಗೊತ್ತಲ್ಲ, ವಿಂಗ್‌ನ ಶೇಕಡಾ 20ಕ್ಕಿಂತ ಜಾಸ್ತಿ ಮನೆಗೆ ಬಂದರೆ ಬಿಎಂಸಿಯವರು (ಮುಂಬೈ ಪಾಲಿಕೆ) ಸೀಲ್ ಮಾಡುತ್ತಾರೆ. ನಮ್ಮದು 28 ಮನೆ. ಆರನೇ ಮನೆಗೆ ಬಂತು ಅಂದ್ರೆ ಮುಗೀತು. ಇಷ್ಟಾದರೂ ರಾತ್ರಿ ಲಿಫ್ಟ್ ಕ್ಯಾಮೆರಾ ನೋಡಿದರೆ ಮುಕ್ಕಾಲು ಪಾಲು ಜನರಿಗೆ ಮಾಸ್ಕ್ ಇಲ್ಲ. ಇದ್ದವರದ್ದು ಗಲ್ಲದ ಮೇಲೆ. ಒಳಗೂ 200 ರೂಪಾಯಿ ದಂಡ ಇಡೋಣ, ವಾಚ್‌ಮನ್ ರಸೀದಿ ಹರಿಯಲಿ ಅಂತಿದ್ದೇನೆ. ಏನಂತೀರಿ?

ಶೆಟ್ಟಿ, ಬಿ-402, 7:52
ನನ್ನ ಒಪ್ಪಿಗೆ ಇದೆ. ಹೊರಗೆ ಮಾಸ್ಕ್ ಇಲ್ಲ ಅಂತ ಪಾಲಿಕೆಯ ಮಾರ್ಷಲ್ ಹಿಡಿದರೆ ತೆಪ್ಪಗೆ 200 ಕೊಟ್ಟು ಬರುತ್ತೇವೆ, ಇಲ್ಲಿ ಕೊಡೋಕೆ ಏನು ಕಷ್ಟ?

ಕುಲಕರ್ಣಿ, ಎ-502, 8:05
ಸೆಕ್ರೆಟರಿ ಸಾಹೇಬ್ರ, 1897ರಲ್ಲಿ ಪುಣೆಯಲ್ಲಿ ಪ್ಲೇಗ್ ಬಂದಾಗ ಬ್ರಿಟಿಷ್ ಪ್ಲೇಗ್ ಅಧಿಕಾರಿ ರ‍್ಯಾಂಡ್ ಸಾಹೇಬನೂ ಹೀಗೇ ಜೋರು ಮಾಡಿದ್ದ. ಸೋಲ್ಜರುಗಳನ್ನು ಮನೆಮನೆಯೊಳಗೆ ನುಗ್ಗಿಸಿದ. ಜನ ರೋಗಿಗಳನ್ನೇ ಬಚ್ಚಿಟ್ಟರು. ಕೊನೆಗೆ ಜೂನ್ 22ರ ರಾತ್ರಿ ಚಾಪೇಕರ ಸೋದರರು ಅವನ ಮೇಲೆ ಗುಂಡು ಹಾರಿಸಿದರು. ಜುಲುಮೆ ಮಾಡಿದರೆ ರೋಗ ಹೋಗೂದಿಲ್ಲರೀ. ಅದೂ ಎರಡು ಡೋಸ್ ಆದಮೇಲೆ, ಇದು ಬರೀ ನೆಗಡಿ.

ರಾವ್, ಎ-301, 8:09
ಕುಲಕರ್ಣಿಯವರೇ, 200 ರೂಪಾಯಿಗೆ ಚಾಪೇಕರರ ತನಕ ಹೋಗಬೇಡಿ 🙏

ವಿಜಯಾ, ಎ-104, 8:31
ರಾವ್ ಅವರೇ, ದಂಡದ ವಿಷಯಕ್ಕೆ ಒಂದು ಮಾತು. ಸ್ವಲ್ಪ ಉದ್ದ ಆಗುತ್ತದೆ, ವಾರ್ಡ್ ಸಿಸ್ಟರ್ ಆಗಿ ರಿಟೈರ್ ಆದವಳ ಚಾಳಿ.

ವಾಚ್‌ಮನ್ ಸಂಬಳ ಕೊಡುವವರು ನಾವು. ಏಳನೇ ಮಹಡಿಯ ಓನರ್ ಬರಿಮುಖದಲ್ಲಿ ಬಂದರೆ ಅವನು ರಸೀದಿ ಹರಿಯುತ್ತಾನಾ? ಸಲಾಮ್ ಹೊಡೆದು ಲಿಫ್ಟ್ ಬಾಗಿಲು ಹಿಡಿಯುತ್ತಾನೆ. ರಸೀದಿ ಹರಿಯುವುದು ಹಾಲಿನವನಿಗೆ, ಪಾರ್ಸೆಲ್ ಹುಡುಗನಿಗೆ, ಮನೆಗೆಲಸಕ್ಕೆ ಬರುವ ಹೆಂಗಸರಿಗೆ, ಅಂದರೆ ನಮ್ಮ ಕೆಲಸದ ಬಾಯಿಗಳಿಗೆ. ಅವರಂತೂ ಈಗಲೇ ಹಾಕಿಕೊಳ್ಳುತ್ತಾರೆ. ನಿನ್ನೆ ನಮ್ಮ ಮನೆಗೆ ಬರುವ ಬಾಯಿ ಎರಡು ಮನೆ ಪಾತ್ರೆ ತೊಳೆದು ಬಂದಿದ್ದಳು. ಬಟ್ಟೆ ಮಾಸ್ಕು ಬೆವರಿಗೆ, ಸಿಂಕಿನ ನೀರಿಗೆ ಒದ್ದೆಯಾಗಿ ಮೂಗಿಗೆ ಅಂಟಿಕೊಂಡಿತ್ತು. ತೆಗೆದು ಒಣಗಿಸು ಅಂದೆ. ‘ನಕೋ ತಾಯಿ, ಮೇಲಿನ ಮನೆಯವರು ನೋಡಿದರೆ ಕೆಲಸ ಬಿಡಿಸುತ್ತಾರೆ’ ಅಂದಳು. ಆ ಮೇಲಿನ ಮನೆಯವರು ಅವಳ ಹತ್ತಿರ ಮಾತಾಡುವಾಗ ಮಾಸ್ಕ್ ಹಾಕಿರುತ್ತಾರಾ? ಇಲ್ಲ. ಮಾಸ್ಕ್ ಅನ್ನೋದು ನಮ್ಮಲ್ಲಿ ಮೇಲಿನವರು ಕೆಳಗಿನವರಿಗೆ ಹೇಳುವ ನಿಯಮ ಆಗಿಬಿಟ್ಟಿದೆ. ದಂಡ ಇಟ್ಟರೆ ಅದಕ್ಕೇ ಇನ್ನೊಂದು ಸೀಲು ಒತ್ತಿದ ಹಾಗೆ.

ಇನ್ನು ಹೊರಗಿನ ದಂಡದಿಂದ ಏನಾಗಿದೆ ಅಂತ ಸ್ಟೇಷನ್ ಬ್ರಿಡ್ಜ್ ಮೇಲೆ ಐದು ನಿಮಿಷ ನಿಂತು ನೋಡಿ. ಮಾರ್ಷಲ್ ಕಾಣುವ ಮೆಟ್ಟಿಲಿಗೆ ಬಂದ ಕೂಡಲೇ ಎಲ್ಲರ ಮಾಸ್ಕೂ ಮೇಲೆ. ದಾಟಿದ ಮೇಲೆ ಕೆಳಗೆ. ಮಾರ್ಷಲ್ ಎಲ್ಲಿ ನಿಲ್ಲುತ್ತಾನೆ ಅನ್ನೋದು ಮಾತ್ರ ಜನರಿಗೆ ಚೆನ್ನಾಗಿ ಗೊತ್ತಾಗಿದೆ.

ಶೆಟ್ಟಿ, ಬಿ-402, 8:44
ವಿಜಯಕ್ಕ ಹೇಳಿದ್ದು ಸರಿ. ನಮ್ಮ ಹೋಟೆಲ್ ಹುಡುಗರೂ ಹಾಗೇ. ಗಿರಾಕಿ ಮುಂದೆ ಮಾಸ್ಕ್ ಸರಿಯಾಗಿ ಇರುತ್ತದೆ. ಒಳಗೆ ಭಟ್ಟಿ ಪಕ್ಕ ಚಾ ಕುಡಿಯೋಕೆ ನಾಲ್ಕು ಜನ ಸೇರಿದರೆ ಎಲ್ಲರದ್ದೂ ಕುತ್ತಿಗೆಯಲ್ಲಿ. ಕೇಳಿದರೆ, ಇವನು ನಮ್ಮವನೇ ಅಲ್ವಾ ಧಣಿ ಅಂತಾರೆ. ನಾವೂ ಅಷ್ಟೇ. ಟ್ರೇನ್‌ನಲ್ಲಿ ಹಾಕಿಕೊಂಡು ಬಂದು ಸೊಸೈಟಿ ಗೇಟ್‌ನಲ್ಲಿ ತೆಗೆಯುತ್ತೇವೆ. ಪರಿಚಯದವರ ಮುಂದೆ ಹಾಕಿಕೊಂಡರೆ ಅವರನ್ನು ಅನುಮಾನಿಸಿದ ಹಾಗೆ ಅನ್ನಿಸುತ್ತದೆ. ಆದರೆ ರೋಗ ತಂದುಕೊಡುವವರು ಪರಿಚಯದವರೇ ಮಾರಾಯ್ರೆ, ಅವರ ಜೊತೆಗೇ ತಾನೇ ನಿಂತು ಮಾತಾಡುವುದು.

ಸ್ನೇಹಾ, ಬಿ-203, 9:02
ಶೆಟ್ಟಿ ಅಂಕಲ್, ವಿಜಯಕ್ಕ, ಜನ ಮಾಸ್ಕ್ ಹಾಕುವ ಹಾಗೆ ಮಾಡುವುದು ಹೇಗೆ ಅನ್ನೋದನ್ನು ಬಾಂಗ್ಲಾದೇಶದಲ್ಲಿ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿದ್ದಾರೆ. ಹೋದ ತಿಂಗಳು ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. 600 ಹಳ್ಳಿ, ಸುಮಾರು 3.4 ಲಕ್ಷ ಜನ. ಅರ್ಧ ಹಳ್ಳಿಗಳಲ್ಲಿ ಮನೆಮನೆಗೆ ಪುಕ್ಕಟೆ ಮಾಸ್ಕ್ ಕೊಟ್ಟರು. ಯಾಕೆ ಹಾಕಬೇಕು ಅಂತ ಹೇಳಿದರು. ಸಂತೆಯಲ್ಲಿ, ಮಸೀದಿ ಹತ್ತಿರ ಆಳು ನಿಲ್ಲಿಸಿ, ಹಾಕದವರಿಗೆ ಅಲ್ಲೇ ನೆನಪಿಸಿ ಕೈಗೆ ಕೊಟ್ಟರು. ಊರಿನ ಹಿರಿಯರು, ಇಮಾಮರು ತಾವೇ ಹಾಕಿಕೊಂಡು ತೋರಿಸಿದರು. ಉಳಿದ ಹಳ್ಳಿಗಳಲ್ಲಿ ನೂರಕ್ಕೆ 13 ಜನ ಸರಿಯಾಗಿ ಹಾಕುತ್ತಿದ್ದರೆ ಈ ಹಳ್ಳಿಗಳಲ್ಲಿ 42 ಜನ.

ನನಗೆ ಮಜಾ ಅನ್ನಿಸಿದ್ದು ಯಾವುದು ಕೆಲಸ ಮಾಡಲಿಲ್ಲ ಅನ್ನೋದು. ಮೊಬೈಲ್‌ಗೆ ಮೆಸೇಜ್ ಕಳಿಸಿದರು, ಹೆಚ್ಚೇನೂ ಆಗಲಿಲ್ಲ. ಹಳ್ಳಿಗೆ ಬಹುಮಾನದ ದುಡ್ಡು ಅಂದರು, ಅದೂ ಇಲ್ಲ. ‘ನಾವು ಮಾಸ್ಕ್ ಹಾಕುವ ಮನೆಯವರು’ ಅಂತ ಬಾಗಿಲಿಗೆ ಬೋರ್ಡ್ ಕೊಟ್ಟರು, ಅದೂ ಇಲ್ಲ. ಅಂದರೆ ನಮ್ಮ ನೋಟಿಸ್ ಬೋರ್ಡಿನ ಪೋಸ್ಟರು, ಈ ಗುಂಪಿನ ಗುಡ್ ಮಾರ್ನಿಂಗ್ ಜೊತೆಗಿನ ಮಾಸ್ಕ್ ಫೋಟೋ ಎಲ್ಲ ಸುಮ್ನೆ 😅

ಕುಲಕರ್ಣಿ, ಎ-502, 9:10
ಮಾಸ್ಕ್ ಹಾಕಿದ ಧೈರ್ಯದಲ್ಲಿ ಜನ ಇನ್ನೂ ಮೈಮೇಲೆ ಬಂದು ನಿಲ್ಲುತ್ತಾರೆ, ಅದನ್ನೂ ಬರೆದಿದ್ದಾರೇನು ತಂಗಿ?

ಸ್ನೇಹಾ, ಬಿ-203, 9:14
ಬರೆದಿದ್ದಾರೆ ಅಂಕಲ್. ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಜನ ದೂರ ನಿಲ್ಲುವುದು ಸ್ವಲ್ಪ ಜಾಸ್ತಿಯೇ ಆಗಿತ್ತು. ಇನ್ನೊಂದು, ಸರ್ಜಿಕಲ್ ಮಾಸ್ಕ್ ಕೊಟ್ಟ ಕಡೆ 60 ದಾಟಿದವರಲ್ಲಿ ಲಕ್ಷಣ ಇರುವ ಕೋವಿಡ್ ಶೇಕಡಾ 35ರಷ್ಟು ಕಮ್ಮಿ. ಬಟ್ಟೆ ಮಾಸ್ಕಿಗೆ ಅಷ್ಟು ಸ್ಪಷ್ಟ ಫಲ ಸಿಗಲಿಲ್ಲ.

ವಿಜಯಾ, ಎ-104, 9:20
ಕುಲಕರ್ಣಿಯವರೇ, ನಿಮ್ಮ ಹತ್ತಿರ ಬೇರೆ ವಿಷಯ. ನೀವು ಹಟಕ್ಕೆ ಹಾಕುತ್ತಿಲ್ಲ ಅಂತ ನನಗೆ ಗೊತ್ತು. ಕಿವಿಯ ಮಷೀನ್ ತೊಂದರೆ ಅಲ್ವಾ?

ಕುಲಕರ್ಣಿ, ಎ-502, 9:33
ಹೌದ್ರೀ. ಕಿವಿ ಹಿಂದೆ ಮಷೀನ್, ಕನ್ನಡಕದ ಕಡ್ಡಿ, ಅದರ ಮೇಲೆ ಮಾಸ್ಕಿನ ದಾರ. ಮಾಸ್ಕ್ ತೆಗೆದಾಗ ಮಷೀನ್ ಕಿತ್ತು ಬರುತ್ತದೆ. ಒಮ್ಮೆ ಲಿಫ್ಟಿನ ಸಂದಿಗೇ ಬೀಳುವುದಿತ್ತು. ಅದರ ಬೆಲೆ ಕೇಳಬೇಡಿ. ಉಸಿರಿಗೆ ಗಾಜು ಮಂಜಾಗಿ ಮೆಟ್ಟಿಲು ಕಾಣೂದಿಲ್ಲ. ಮತ್ತೆ ಎದುರಿನವರು ಮಾಸ್ಕ್ ಒಳಗಿಂದ ಮಾತಾಡಿದರೆ ನನಗೆ ತುಟಿ ಕಾಣಬೇಕಲ್ಲ. ನಾನು ಏನು ಅಂದಕೂಡಲೇ ಅವರೂ ಮಾಸ್ಕ್ ಇಳಿಸಿ ಕಿವಿ ಹತ್ತಿರ ಬಂದು ಕೂಗುತ್ತಾರೆ.

ವಿಜಯಾ, ಎ-104, 9:41
ನೋಡಿ, ಇಂಥದ್ದಕ್ಕೆ ದಂಡ ಹಾಕಿ ಏನು ಪ್ರಯೋಜನ? ದಾರ ಕಿವಿಗೆ ಬೇಡವೇ ಬೇಡ. ಎರಡು ಬೆರಳಗಲದ ಬಟ್ಟೆ ಪಟ್ಟಿಗೆ ಎರಡು ತುದಿಗೆ ಗುಂಡಿ ಹೊಲಿದು, ತಲೆಯ ಹಿಂದೆ ಇಟ್ಟು, ದಾರವನ್ನು ಗುಂಡಿಗೆ ಸಿಕ್ಕಿಸಿದರಾಯಿತು. ಆಸ್ಪತ್ರೆಯಲ್ಲಿ ಕಿವಿ ಹಿಂದೆ ಗಾಯವಾದ ಹುಡುಗಿಯರು ಹೀಗೇ ಮಾಡಿಕೊಳ್ಳುತ್ತಾರೆ. ಕನ್ನಡಕ ಮಂಜಾಗುವುದು ಗಾಳಿ ಮೇಲಿನಿಂದ ಸೋರುವುದಕ್ಕೆ. ತಂತಿಯನ್ನು ಮೂಗಿನ ಎರಡೂ ಪಕ್ಕಕ್ಕೆ ಒತ್ತಿ ಕೂರಿಸಿ, ಅದರ ಮೇಲೆ ಕನ್ನಡಕ ಇಡಿ. ನಿಮ್ಮ ಹತ್ತಿರ ಮಾತಾಡುವವರಿಗೆ ನನ್ನದೊಂದು ಆರ್ಡರ್: ಕೂಗಬೇಡಿ, ಫೋನಿನಲ್ಲಿ ಟೈಪ್ ಮಾಡಿ ತೋರಿಸಿ.

ಪೈ ಮಾಮಿ, ಬಿ-601, 9:55
ಗುಂಡಿ ಪಟ್ಟಿ ನಾನು ಹೊಲಿಯುತ್ತೇನೆ. ಹಳೇ ಬ್ಲೌಸ್ ಪೀಸ್ ರಾಶಿ ಇದೆ. ಹಾಂ, ಇನ್ನೊಂದು. ಶುಕ್ರವಾರ ಸಂಕ್ರಾಂತಿ. ಈ ಸಲ ಹಳದಿ-ಕುಂಕುಮಕ್ಕೆ ಹಾಲ್‌ನಲ್ಲಿ ಸೇರುವುದು ಬೇಡ. ಬಾಗಿಲಿಗೇ ಹೋಗಿ ಎಳ್ಳುಂಡೆ ಕೊಟ್ಟು ಬರೋಣ. ವಾಣ ಅಂತ ಸ್ಟೀಲ್ ಬಟ್ಟಲು ಕೊಡುತ್ತೇವಲ್ಲ, ಅದರ ಬದಲು ಮಾಸ್ಕಿನ ಪ್ಯಾಕೆಟ್ ಕೊಡೋಣ. ಪ್ರತಿ ಮನೆಯಲ್ಲಿ ಬಟ್ಟಲು ಹತ್ತಿಪ್ಪತ್ತು ಬಿದ್ದಿವೆ. ವಾಣ ಬೇಡ ಅಂತ ಯಾರೂ ವಾಪಸ್ ಕೊಡುವುದಿಲ್ಲ 😄 ಕೆಲಸದ ಬಾಯಿಗಳಿಗೂ ಅದೇ ಪ್ಯಾಕೆಟ್, ಬೇರೆ ಅಗ್ಗದ್ದು ಅಲ್ಲ.

ಶೆಟ್ಟಿ, ಬಿ-402, 10:01
ಮಾಮಿ, ಭಾರೀ ಲಾಯ್ಕ ಐಡಿಯಾ! ಮೂರು ಪದರದ ಮಾಸ್ಕಿಗೆ 2020ರಲ್ಲೇ ಸರ್ಕಾರ 4 ರೂಪಾಯಿ ಅಂತ ದರ ಕಟ್ಟಿದೆ, ಅಂಗಡಿಯವನು ಜಾಸ್ತಿ ಕೇಳಿದರೆ ಅದನ್ನೇ ಹೇಳಿ. ಎರಡು ವಿಂಗ್ 56 ಮನೆ, ಮನೆಗೆ 20ರಂತೆ 1,120. ಒಟ್ಟು 4,480 ರೂಪಾಯಿ. ಅರ್ಧ ನನ್ನದು.

ರಾವ್, ಎ-301, 10:20
ಸರಿ. ದಂಡದ ಮಾತು ಇಲ್ಲಿಗೆ ಬಿಡೋಣ. ಉಳಿದ ಅರ್ಧ ಸೊಸೈಟಿ ಫಂಡಿನಿಂದ. ಮರಾಠಿ, ಗುಜರಾತಿ ಮನೆಯವರ ದೊಡ್ಡ ಗುಂಪಿನಲ್ಲೂ ನಾನು ಹಾಕುತ್ತೇನೆ. ಸೋಮವಾರದಿಂದ ಲಿಫ್ಟ್ ಬಾಗಿಲ ಪಕ್ಕ ಮಾಸ್ಕ್ ಡಬ್ಬಿ ಇರುತ್ತದೆ. ಗೇಟಿನಲ್ಲಿ ಬೇಡ, ಜನ ತೆಗೆಯುವುದೇ ಗೇಟು ದಾಟಿದ ಮೇಲೆ. ಬೆಳಿಗ್ಗೆ 8ರಿಂದ 9, ಸಂಜೆ 7ರಿಂದ 8 ನಮ್ಮಲ್ಲೇ ಒಬ್ಬರು ನಿಲ್ಲಬೇಕು. ವಾಚ್‌ಮನ್ ಅಲ್ಲ. ಕಮಿಟಿಯವರ ಪಾಳಿ ಮೊದಲು, ನಾನು ಸೋಮವಾರ ಬೆಳಿಗ್ಗೆ ಎ ವಿಂಗ್.

ವಿಜಯಾ, ಎ-104, 10:24
ನಿಲ್ಲುವವರು ಉಪದೇಶ ಮಾಡಬೇಡಿ. ‘ತಗೊಳ್ಳಿ’ ಅಂತ ಕೈಗೆ ಕೊಡಿ, ಅಷ್ಟೇ. ಏಳನೇ ಮಹಡಿಯವರಿಗೂ ಕೊಡಿ. ಸೋಮವಾರ ಸಂಜೆ ನಾನು.

ಕುಲಕರ್ಣಿ, ಎ-502, 10:30
ಮಾಮಿ ಅವರ ಪಟ್ಟಿ ಬಂದರೆ ಮಂಗಳವಾರ ಬೆಳಿಗ್ಗೆ ನಾನು ಕುರ್ಚಿ ಹಾಕಿಕೊಂಡು ಕೂಡುತ್ತೇನೆ. ನೆಗಡಿ ಅನ್ನೋ ಮಾತು ಮಾತ್ರ ಬಿಡೂದಿಲ್ಲ.

ಪೈ ಮಾಮಿ, ಬಿ-601, 10:32
ನಾಳೆ ಸಂಜೆಯೊಳಗೆ ಪಟ್ಟಿ ಮನೆಗೆ ಬರುತ್ತದೆ. ಬಣ್ಣ ಕೇಳಬೇಡಿ, ಬ್ಲೌಸ್ ಪೀಸ್ ಯಾವುದು ಸಿಕ್ಕಿತೋ ಅದು.

ರಾವ್, ಎ-301, 10:35
ಬಿ ವಿಂಗ್ ಸಂಜೆ ಪಾಳಿ ಪೂರ್ತಿ ಖಾಲಿ ಇದೆ. ಯಾರು?

ಸ್ನೇಹಾ, ಬಿ-203, 10:36
ವರ್ಕ್ ಫ್ರಮ್ ಹೋಮ್ ಇರುವ ತನಕ ಸೋಮ, ಬುಧ, ಶುಕ್ರ ನನ್ನದು. ಮಂಗಳ, ಗುರು ಬೇರೆಯವರು ಹೆಸರು ಕೊಡಿ.