ಅಮ್ಮನ ಜೊತೆ ಸಿಯೋಲ್: ಬುಕ್‌ಚೊನ್‌ನಲ್ಲಿ ಕೈಯಾರೆ ಏನಾದ್ರೂ ಮಾಡೋಕೆ ಸಿಗುತ್ತಾ?

ಜಯನಗರದ_ಹುಡುಗಿ:

ಎಲ್ರಿಗೂ ನಮಸ್ಕಾರ. ನವೆಂಬರ್ ಮೂರನೇ ವಾರ ಅಮ್ಮನ ಜೊತೆ ಸಿಯೋಲ್‌ನಲ್ಲಿ ನಾಲ್ಕು ದಿನ ಇರ್ತೀನಿ. ಅಮ್ಮನಿಗೆ 63. ಲಾಕ್‌ಡೌನ್‌ನಲ್ಲಿ ಹಿಡಿದ ಕೊರಿಯನ್ ಸೀರಿಯಲ್ ಹುಚ್ಚು ಇನ್ನೂ ಇಳಿದಿಲ್ಲ. ಅರಮನೆ ಮುಂದೆ ನಿಂತು ಫೋಟೋ ತೆಗೆಸ್ಕೊಂಡು ಬಂದ್ರೆ ಅವರಿಗೆ ಸಾಲಲ್ವಂತೆ. "ಅಲ್ಲಿಯವರು ಕೈಯಲ್ಲಿ ಏನು ಮಾಡ್ತಾರೋ ಅದನ್ನ ಒಂದ್ಸಲ ನಾನೂ ಮಾಡ್ಬೇಕು" ಅಂತ ಹಠ. ಕ್ರೋಶಾ ಚೆನ್ನಾಗಿ ಹಾಕ್ತಾರೆ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಈಗಲೂ ಮನೇಲೇ ಆಗ್ಬೇಕು.

ತೊಂದರೆ ಎರಡು. ಮಂಡಿನೋವು, ನೆಲದ ಮೇಲೆ ಜಾಸ್ತಿ ಹೊತ್ತು ಕೂರೋಕಾಗಲ್ಲ. ಮೊಟ್ಟೆನೂ ಮುಟ್ಟದ ಸಸ್ಯಾಹಾರಿ. ಕಿಮ್ಚಿ (ಅಲ್ಲಿಯ ಕೋಸಿನ ಉಪ್ಪಿನಕಾಯಿ) ಕ್ಲಾಸ್ ಒಂದು ನೋಡಿಟ್ಟಿದ್ದೀನಿ, ಕೋಸು ತಾನೇ ಅನ್ಕೊಂಡು. ಮಂಗಳವಾರ ಬೆಳಿಗ್ಗೆ ಇಳಿದು, ಅವತ್ತೇ ಹನ್‌ಬೊಕ್ (ಅಲ್ಲಿಯ ಸಾಂಪ್ರದಾಯಿಕ ಉಡುಪು) ಬಾಡಿಗೆಗೆ ತಗೊಂಡು ಗ್ಯೊಂಗ್‌ಬೊಕ್‌ಗುಂಗ್ ಅರಮನೆ, ಸಂಜೆ ಹಳೇ ಮನೆಗಳ ಕೇರಿ ಬುಕ್‌ಚೊನ್ ಅಂತ ಲೆಕ್ಕ. ಸರಿ ಇದೆಯಾ?

ಸಾಗರದಿಂದ_ಸುವೊನ್:

ಮೊದಲು ಕಿಮ್ಚಿ ವಿಷಯ ಮುಗಿಸ್ತೀನಿ. ನಾನು ಇಲ್ಲಿಗೆ, ಕೊರಿಯಾಗೆ, ಬಂದ ಹೊಸತರಲ್ಲಿ ಇಂಥದ್ದೇ ಒಂದು ಕ್ಲಾಸಿಗೆ ಹೋಗಿದ್ದೆ. ಮಾಂಸ ಇಲ್ಲ ತಾನೇ ಅಂತ ಎರಡು ಸಲ ಕೇಳಿದೆ, ಇಲ್ಲವೇ ಇಲ್ಲ ಅಂದ್ರು. ಗ್ಲೌಸ್ ಹಾಕ್ಕೊಂಡು, ಉಪ್ಪಲ್ಲಿ ನೆನೆಸಿದ ಕೋಸಿನ ಎಲೆ ಒಂದೊಂದೇ ಎತ್ತಿ ಕೆಂಪು ಮಸಾಲೆ ಸವರ್ತಿದ್ದೀನಿ, ಮಸಾಲೆಯೊಳಗಿಂದ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿ ಎರಡು ನನ್ನನ್ನೇ ನೋಡ್ತಿವೆ. ಸಿಗಡಿ ಕಣ್ಣು! ಅವರೇನೂ ಸುಳ್ಳು ಹೇಳಿರ್ಲಿಲ್ಲ. ಇಲ್ಲಿ ಮಾಂಸ ಅಂದ್ರೆ ದನ, ಹಂದಿ, ಕೋಳಿ. ಉಪ್ಪು ಹಾಕಿ ಹುಳಿ ಬರಿಸಿದ ಸಿಗಡಿ, ಮೀನಿನ ರಸ ಇವೆಲ್ಲ ರುಚಿಯ ಲೆಕ್ಕಕ್ಕೆ ಹೋಗುತ್ತೆ. ಇದಕ್ಕೆಲ್ಲ ಒಟ್ಟಾಗಿ ಜೊತ್ಕಲ್ ಅಂತಾರೆ. "ಜೊತ್ಕಲ್ ಪೇಗೊ" ಅಂದ್ರೆ ಅದನ್ನ ಬಿಟ್ಟು ಅಂತ. ಆದ್ರೆ ಕ್ಲಾಸಿಗೆ ಹೋದಮೇಲೆ ಹೇಳಿದ್ರೆ ಪ್ರಯೋಜನ ಕಮ್ಮಿ, ಮಸಾಲೆ ಮೊದಲೇ ಕಲಸಿಟ್ಟಿರ್ತಾರೆ. ಬುಕ್ ಮಾಡುವಾಗಲೇ ಬರೆದು ಕೇಳಿ.

ಅಡುಗೆಯೇ ಬೇಕಂದ್ರೆ ಬೌದ್ಧ ಮಠದ ಅಡುಗೆ ನೋಡಿ. ಮೀನು, ಮಾಂಸ ಹಾಗಿರಲಿ, ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ನಮ್ಮ ಅಜ್ಜಿಯ ಮಡಿ ಅಡುಗೆಯ ಹಾಗೆ. ಬುಕ್‌ಚೊನ್ ಪಕ್ಕದ ಅಂಗುಕ್ ಮೆಟ್ರೋ ಸ್ಟೇಷನ್ ಹತ್ತಿರವೇ ಈ ಅಡುಗೆಗೆ ಅಂತ ಜೋಗ್ಯೆ ಅನ್ನೋ ಬೌದ್ಧ ಪಂಥದವರ ಕೇಂದ್ರ ಇದೆ.

ಆದ್ರೆ ಅಮ್ಮನ ಸಕ್ಕರೆ ಅಚ್ಚಿನ ಮಾತು ಓದಿದ ಮೇಲೆ ನಾನು ಹೇಳೋದು ಒಂದೇ: ದಾಸಿಕ್. ಚಹಾ ಜೊತೆ ಕೊಡೋ ಪುಟ್ಟ ಸಿಹಿ. ಹುರಿದ ಕರಿಎಳ್ಳಿನ ಪುಡಿ, ಬೇಳೆ ಹಿಟ್ಟು, ಹಳದಿ ಪೈನ್ ಪರಾಗ, ಇವನ್ನ ಬೇರೆ ಬೇರೆಯಾಗಿ ಜೇನಲ್ಲಿ ಕಲಸ್ತಾರೆ. ಒಲೆ ಇಲ್ಲ, ಪಾಕ ಇಲ್ಲ. ಅಚ್ಚು ಎರಡು ಪಟ್ಟಿಯ ಮರದ್ದು. ಮೇಲಿನ ಪಟ್ಟಿಯಲ್ಲಿ ಸಾಲಾಗಿ ತೂತು, ಕೆಳಗಿನದ್ದರಲ್ಲಿ ಆ ತೂತಿಗೆ ಸರಿಯಾಗಿ ಎದ್ದ ಗುಬುಟು, ಗುಬುಟಿನ ತಲೆ ಮೇಲೆ ಹೂವೋ ಅಕ್ಷರವೋ ಕೆತ್ತಿರುತ್ತೆ. ಎರಡರ ನಡುವೆ ಮರದ ತುಂಡು ಆನಿಸಿ ಮೇಲಿನದ್ದನ್ನ ಎತ್ತರಿಸಿ ನಿಲ್ಲಿಸೋದು, ತೂತಿಗೆ ಉಂಡೆ ಇಟ್ಟು ಹೆಬ್ಬೆರಳಲ್ಲಿ ಒತ್ತೋದು. ಆಮೇಲೆ ತುಂಡು ಎಳೆದು ಪಟ್ಟಿ ಕೆಳಗೆ ಅದುಮಿದ್ರೆ ಅಷ್ಟೂ ಸಿಹಿ ಒಟ್ಟಿಗೆ ಮೇಲೆದ್ದು ಕೂರುತ್ತೆ. ನಮ್ಮ ಅಚ್ಚನ್ನ ನೀರಲ್ಲಿ ನೆನೆಸಿ, ಜೋಡಿಸಿ ಕಟ್ಟಿ, ಬಿಚ್ಚೋವಾಗ ಆನೆ ಸೊಂಡಿಲು ಮುರೀತಲ್ಲಾ ಅಂತ ಬೈಸ್ಕೊಂಡ ನನಗೆ ಇದನ್ನ ನೋಡಿ ಹೊಟ್ಟೆ ಉರೀತು.

ಎರಡನೇದು ಮೇದೂಪ್, ಗಂಟಿನ ಕೆಲಸ. ರೇಷ್ಮೆ ಹುರಿಯೊಂದನ್ನ ನಡುವೆ ಮಡಚಿ ಶುರು ಮಾಡ್ತಾರೆ, ಹಿಂದೆ ಮುಂದೆ ಒಂದೇ ಥರ ಬರ್ಬೇಕು. ಚಿಟ್ಟೆ, ಸೇವಂತಿಗೆ, ಶುಂಠಿ ಅಂತ ಗಂಟುಗಳಿಗೆ ಹೆಸರು. ಹಾಕೋದು ಹತ್ತು ನಿಮಿಷ. ದಬ್ಬಳದಂಥ ಮೊನೆಯಿಂದ ಎಳೆ ಎಳೆಯಾಗಿ ಹಿಡಿದು ಬಿಗಿಯೋದಕ್ಕೆ ಅರ್ಧ ಗಂಟೆ, ಅದೇ ಅಸಲಿ ಕೆಲಸ. ಕ್ರೋಶಾ ಕೈಗೆ ಬೇಗ ಹತ್ತುತ್ತೆ. ಚಹಾ ಕ್ಲಾಸುಗಳು ಸಾಮಾನ್ಯವಾಗಿ ನೆಲದ ಮೇಲೆ. ಚಳಿಗಾಲಕ್ಕೆ ಬಿಸಿ ನೆಲ ಹಿತವೇ, ಆದ್ರೆ ಮಂಡಿಗೆ ಅದು ಗೊತ್ತಾಗ್ಬೇಕಲ್ಲ! ಕುರ್ಚಿ ಇದೆಯಾ ಅಂತ ಮೊದಲೇ ಕೇಳಿ.

ಇನ್ನು ನಿಮ್ಮ ಮಂಗಳವಾರ. ಗ್ಯೊಂಗ್‌ಬೊಕ್‌ಗುಂಗ್‌ಗೆ ಅವತ್ತೇ ವಾರದ ರಜೆ. ಚಾಂಗ್‌ಡೊಕ್‌ಗುಂಗ್‌ಗೆ ಸೋಮವಾರ ರಜೆ, ಅದಕ್ಕೆ ಹೋಗಿ. ಹನ್‌ಬೊಕ್ ಹಾಕಿದ್ರೆ ಎರಡಕ್ಕೂ ಟಿಕೆಟ್ ಇಲ್ಲ. ಬುಕ್‌ಚೊನ್ ಇರೋದೇ ಈ ಎರಡು ಅರಮನೆಗಳ ನಡುವೆ. ಸಂಜೆಗೆ ಇಟ್ಕೋಬೇಡಿ. ಎಲ್ಲರೂ ಫೋಟೋ ಹೊಡೆಯೋ ಆ ಏರುದಾರಿ, 11ನೇ ಗಲ್ಲಿ, ಪ್ರವಾಸಿಗರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಾತ್ರ. 2025ರ ಮಾರ್ಚ್‌ನಿಂದ ತಪ್ಪಿದ್ರೆ 1 ಲಕ್ಷ ವೊನ್ ದಂಡ. ಅಲ್ಲಿ ಜನ ಸಂಸಾರ ಮಾಡ್ಕೊಂಡಿದ್ದಾರೆ, ಬಾಗಿಲು ತೆಗೆದ್ರೆ ಎದುರಿಗೆ ಸೆಲ್ಫಿ ಕೋಲು. ನಾನಾಗಿದ್ರೆ ಬಿಸಿನೀರು ಎರಚ್ತಿದ್ದೆ.

ಹುಣಸೂರು_ಹೈದ:

ಬುಕ್‌ಚೊನ್ ಜಾತ್ರೆ ಕಣ್ರೀ, ಜೊಂಜು ಅನ್ನೋ ಊರಿಗೆ ಹೋಗಿ. ಸಿಯೋಲ್‌ನ ಯೊಂಗ್ಸಾನ್ ಸ್ಟೇಷನ್‌ನಿಂದ ರೈಲಲ್ಲಿ ಎರಡು ಗಂಟೆಯೊಳಗೆ. ಅಲ್ಲಿ ಹಂಜಿ ಕಾಗದ ನಾನೇ ಎತ್ತಿದ್ದೀನಿ. ದಾಕ್ ಮರದ ತೊಗಟೆ ಬೇಯಿಸಿ ಜಜ್ಜಿದ ನಾರು, ಅದು ತಳಕ್ಕೆ ಇಳೀದಿರ್ಲಿ ಅಂತ ಬೆಂಡೆಯ ನೆಂಟ ಗಿಡವೊಂದರ ಬೇರಿನ ಲೋಳೆ ಹಾಕ್ತಾರೆ. ಬಿದಿರ ಜಾಲರಿ ಮುಳುಗಿಸಿ ಎತ್ತಬೇಕು. ನಂದು ಒಂದು ಕಡೆ ಚಪಾತಿ, ಇನ್ನೊಂದು ಕಡೆ ನೀರು ದೋಸೆ. ನಿಂತೇ ಮಾಡೋದು, ಅಮ್ಮನ ಮಂಡಿಗೆ ಒಳ್ಳೇದು.

ಸಾಗರದಿಂದ_ಸುವೊನ್:

ಹಂಜಿ ಒಪ್ಪಿದೆ. ಆದ್ರೆ ನಾಲ್ಕು ದಿನದಲ್ಲಿ ಒಂದನ್ನ ರೈಲಿಗೆ ಕೊಡೋದಾ? 63ರ ಅಮ್ಮನ ಜೊತೆ ನಾನಂತೂ ಹೋಗಲ್ಲ. ಗ್ಯೆ-ದೊಂಗ್ ಕಡೆಯಿಂದ ಬುಕ್‌ಚೊನ್ ಹತ್ತಿದ್ರೆ ಏರೂ ಕಮ್ಮಿ, ಜನರೂ ಕಮ್ಮಿ.

ಜಯನಗರದ_ಹುಡುಗಿ:

ಸಾಗರದವ್ರೇ, ಸಿಗಡಿ ಕಣ್ಣಿನ ಭಾಗ ಅಮ್ಮನಿಗೆ ಓದಿ ಹೇಳಿದೆ, ಕಿಮ್ಚಿ ಅಲ್ಲಿಗೆ ರದ್ದು. ಅರಮನೆ ಬುಧವಾರಕ್ಕೆ ಹಾಕಿದ್ದೀನಿ. ದಾಸಿಕ್ ಅಂದ್ರೆ ಈಗಲೇ ಕುಣೀತಿದ್ದಾರೆ. ಅವರ ಪ್ರಶ್ನೆ ಒಂದೇ: ಆ ಮರದ ಅಚ್ಚು ಕೊಳ್ಳೋಕೆ ಸಿಗುತ್ತಾ? ತಮ್ಮ ಗಿಳಿ ಅಚ್ಚು, ಆನೆ ಅಚ್ಚು ತಂದು ಅಲ್ಲಿಯ ಟೀಚರ್‌ಗೆ ತೋರಿಸ್ತಾರಂತೆ.

ಸಾಗರದಿಂದ_ಸುವೊನ್:

ಪಕ್ಕದ ಇನ್ಸಾದೊಂಗ್ ಅಂಗಡಿಗಳಲ್ಲಿ ವಿಚಾರಿಸಿ. ಅಮ್ಮನಿಗೆ ಹೇಳಿ, ಗಿಳಿ ಅಚ್ಚು ಖಂಡಿತ ತರಲಿ. ಆನೆಯದ್ದು ಎರಡಿದ್ರೆ ಒಂದು ನನಗೆ.