ಸಹಾಯ ಬೇಕು: ಅಸ್ಪಷ್ಟ ಮಾತು, ಅರೆಬರೆ ಮಾಹಿತಿ ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ದಿನನಿತ್ಯದ ಸಂಗತಿಗಳ ಬಗ್ಗೆ ಸಾಮಾನ್ಯ ಜ್ಞಾನದಿಂದ ತರ್ಕಿಸುವ ಪುಟ್ಟ ಪ್ರೋಗ್ರಾಮೊಂದನ್ನು ಬರೆಯುತ್ತಿದ್ದು, ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. "ಗಾಜಿನ ಲೋಟ ಮೇಜಿನ ಅಂಚಿನ ಹತ್ತಿರವಿತ್ತು, ಯಾರೋ ಮೇಜಿಗೆ ಡಿಕ್ಕಿ ಹೊಡೆದರು" ಎಂದರೆ ಲೋಟ ಬಿದ್ದು ಒಡೆದಿರಬೇಕೆಂದು ಅದು ಊಹಿಸಬೇಕು. "ಕೆಳಗೆ ದಪ್ಪ ಹಾಸಿಗೆ ಇತ್ತು" ಎಂದು ಆಮೇಲೆ ತಿಳಿದರೆ ಆ ಊಹೆಯನ್ನು ಕೈಬಿಡಬೇಕು.

ಊಹೆಯನ್ನು ಕೈಬಿಡುವ ಭಾಗಕ್ಕೆ ರೇಮಂಡ್ ರೈಟರ್ 1980ರಲ್ಲಿ ಮಂಡಿಸಿದ ಡೀಫಾಲ್ಟ್ ಲಾಜಿಕ್ಕನ್ನೂ (ವಿರುದ್ಧ ಮಾಹಿತಿ ಸಿಗುವವರೆಗೆ ಸಾಮಾನ್ಯವಾಗಿ ಆಗುವುದನ್ನೇ ನಿಜವೆಂದು ಊಹಿಸುವ ತರ್ಕ), "ಹತ್ತಿರ" ಎಂಬ ಪದಕ್ಕೆ ಲಾಟ್ಫಿ ಝಾದೆ 1965ರಲ್ಲಿ ಪರಿಚಯಿಸಿದ ಫಜ್ಜಿ ಸೆಟ್ಟನ್ನೂ (ಪದವೊಂದು ಎಷ್ಟರಮಟ್ಟಿಗೆ ಹೊಂದುತ್ತದೆ ಎಂಬುದನ್ನು 0ಯಿಂದ 1ರವರೆಗಿನ ಪ್ರಮಾಣದಲ್ಲಿ ಹೇಳುವ ವಿಧಾನ) ಬಳಸಿದ್ದೇನೆ. ಬಿಡಿಯಾಗಿ ಎರಡೂ ಸರಿಯಾಗಿವೆ, ಜೋಡಿಸಿದಾಗಲೇ ತೊಡಕು. "ಹತ್ತಿರ"ದ ಪ್ರಮಾಣ 0.5 ದಾಟಿದರೆ ನಿಯಮ ಅನ್ವಯಿಸಲಿ ಎಂದಿಟ್ಟರೆ, ಲೋಟವನ್ನು ಕೂದಲೆಳೆಯಷ್ಟು ಸರಿಸಿದರೂ ತೀರ್ಮಾನ ತಲೆಕೆಳಗಾಗುತ್ತದೆ. ಆ ಪ್ರಮಾಣವನ್ನೇ ಸಂಭವನೀಯತೆಯೆಂದು ಭಾವಿಸಿ ಗುಣಿಸಿಯೂ ನೋಡಿದೆ, ಆದರೆ ಅದು ತಪ್ಪೆಂದೇ ನನ್ನ ಅನಿಸಿಕೆ, ಏಕೆಂದರೆ 0.7ರಷ್ಟು ಹತ್ತಿರ ಎನ್ನುವುದು ಪದದ ಅಸ್ಪಷ್ಟತೆಯನ್ನು ಹೇಳುತ್ತದೆಯೇ ಹೊರತು ಲೋಟ ಬೀಳುವ ಸಾಧ್ಯತೆಯನ್ನಲ್ಲ (ಈ ಗೊಂದಲದಲ್ಲೇ ಒಂದು ವಾರ ಕಳೆದುಹೋಯಿತು).

ನಿಯಮಗಳನ್ನು ಆದ್ಯತೆಯ ಕ್ರಮದಲ್ಲಿ ಇರಿಸುವ ಪಾಸಿಬಿಲಿಸ್ಟಿಕ್ ಲಾಜಿಕ್ ಇಲ್ಲಿಗೆ ಹೊಂದುತ್ತದೆಯೇ? ಇಂಥ ಜೋಡಣೆಯನ್ನು ಯಾರಾದರೂ ಸ್ವತಃ ಮಾಡಿದ್ದರೆ, ಹೊಸ ಮಾಹಿತಿ ಬಂದಾಗ ಹಳೆಯ ತೀರ್ಮಾನದ ಪ್ರಮಾಣವನ್ನು ಹೇಗೆ ಬದಲಿಸಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.