ಹಳೆಯ ಕಾಶಾನ್ ಕಾರ್ಪೆಟ್ ಕೊಳ್ಳುವ ಮೊದಲು ಹಿಂಬದಿ ತಿರುವಿ ನೋಡಿ

ನಿಮ್ಮ ಪ್ರಶ್ನೆ ಓದಿದೆ. ಲಂಡನ್ನಿನ ಹರಾಜಿಗೆ ಒಂದು ಕಾರ್ಪೆಟ್ ಬಂದಿದೆ. ಪಟ್ಟಿಯಲ್ಲಿ 'ಮೊಹ್ತಶಮ್ ಕಾಶಾನ್, 1900' ಅಂತಿದೆ. ಕಾಶಾನ್ ಇರಾನಿನ ಊರು, ಮೊಹ್ತಶಮ್ ಅಲ್ಲಿನ ನೇಯ್ಗೆಯ ವರ್ಕ್‌ಶಾಪಿನವರ ಹೆಸರು. ಕಾರ್ಪೆಟ್ಟಿನ ಅಂಚಿನಲ್ಲಿ 1318 ಅಂತ ಇಸವಿ ನೇಯ್ದಿದ್ದಾರೆ. ನಂಬಬಹುದಾ, ಕೊಳ್ಳುವ ಮೊದಲು ಏನು ನೋಡಬೇಕು ಅಂತ ಕೇಳಿದ್ದೀರಿ. ಈಗಾಗಲೇ ಉತ್ತರಿಸಿದವರಲ್ಲಿ ಒಬ್ಬರು ಗಂಟು ಎಣಿಸಿ ಅಂದಿದ್ದಾರೆ, ಇನ್ನೊಬ್ಬರು ಎಳೆ ಸುಟ್ಟು ನೋಡಿ ಅಂದಿದ್ದಾರೆ. ಎರಡೂ ಉಪಯೋಗದ ಮಾತೇ, ಆದರೆ ಅಷ್ಟೇ ಸಾಲದು. ಇರಾನಿನ ರತ್ನಗಂಬಳಿ ಅಂದರೆ ನನಗೆ ಪ್ರಾಣ. ಇಷ್ಟು ವರ್ಷ ನೋಡಿ, ಮುಟ್ಟಿ ಕಲಿತದ್ದನ್ನು ಹೇಳುತ್ತೇನೆ.

ಇಸವಿಯಿಂದಲೇ ಶುರು ಮಾಡೋಣ. ಇಸ್ಲಾಮಿಕ್ ಕ್ಯಾಲೆಂಡರ್ ಆದ ಹಿಜರಿಯ ಚಾಂದ್ರಮಾನ ವರ್ಷ ನಮ್ಮ ಕ್ಯಾಲೆಂಡರಿನ ವರ್ಷಕ್ಕಿಂತ ಚಿಕ್ಕದು. ಹಾಗಾಗಿ 1318ನ್ನು 33ರಿಂದ ಭಾಗಿಸಬೇಕು, ಸುಮಾರು 40 ಬರುತ್ತದೆ. ಅದನ್ನು 1318ರಿಂದ ಕಳೆದು 622 ಕೂಡಿಸಿದರೆ 1900. ಹರಾಜಿನವರ ಲೆಕ್ಕ ಇದೇ ಇರಬೇಕು. ಆದರೆ 1925ರಲ್ಲಿ ಇರಾನ್ ಸೌರ ಹಿಜರಿಗೆ ಬದಲಾಯಿತು. ಆ ಲೆಕ್ಕದಲ್ಲಿ ಸುಮ್ನೆ 621 ಕೂಡಿಸಿದರೆ ಸಾಕು, 1318 ಅಂದರೆ 1939. ಒಂದೇ ಅಂಕಿಗೆ ಎರಡು ಉತ್ತರ, ನಡುವೆ ಹತ್ತಿರ ಹತ್ತಿರ 40 ವರ್ಷ. ಯಾವುದು ಸರಿ ಅಂತ ಹೇಳಬೇಕಾದ್ದು ಉಣ್ಣೆ ಮತ್ತು ಬಣ್ಣ.

ಇಸವಿಯನ್ನು ತಿದ್ದಿದ್ದಾರಾ ಅಂತಲೂ ನೋಡಬೇಕು. ಪರ್ಷಿಯನ್ ಅಂಕಿಗಳಲ್ಲಿ ಮೂರಕ್ಕೆ ಮೇಲೆ ಮೂರು ಹಲ್ಲು ಇರುತ್ತವೆ, ಎರಡಕ್ಕೆ ಎರಡು. ಒಂದು ಹಲ್ಲಿನ ಗಂಟುಗಳನ್ನು ಕಿತ್ತು, ಆ ಜಾಗಕ್ಕೆ ಸುತ್ತಲಿನ ಬಣ್ಣದ ಉಣ್ಣೆ ತುಂಬಿದರೆ 1318 ಇದ್ದದ್ದು 1218 ಆಗುತ್ತದೆ. ನಾಲ್ಕಾರು ಗಂಟಿನ ಕೆಲಸಕ್ಕೆ ನೂರು ವರ್ಷ ಹೆಚ್ಚು ವಯಸ್ಸು! ನಿಮ್ಮ ಕಾರ್ಪೆಟ್ಟಿನಲ್ಲಿ ಹಾಗಾದಂತಿಲ್ಲ. ಆದರೂ ಇಸವಿ ಇರುವ ಜಾಗವನ್ನು ಹಿಂಬದಿಯಿಂದ ಭೂತಗನ್ನಡಿ ಹಿಡಿದು ನೋಡಿ. ಆಮೇಲೆ ಸೇರಿಸಿದ ಉಣ್ಣೆಯ ಬಣ್ಣ, ಗಂಟಿನ ಬಿಗಿ ಬೇರೆಯಾಗಿ ಕಾಣುತ್ತದೆ.

ಇನ್ನು ಹೆಸರಿನ ವಿಷಯ. 19ನೇ ಶತಮಾನದ ಕೊನೆಯಲ್ಲಿ ಕಾಶಾನಿನ ಹಾಜಿ ಮುಲ್ಲಾ ಹಸನ್ ಮೊಹ್ತಶಮ್ ಅವರ ವರ್ಕ್‌ಶಾಪ್ ತುಂಬ ಹೆಸರು ಮಾಡಿತ್ತು. ಅವರ ಸಹಿ ಇರುವ ಕಾರ್ಪೆಟ್‌ಗಳು ತೀರ ಕಡಿಮೆ. ಈಗ ಆ ಕಾಲದ, ಮೃದು ಉಣ್ಣೆಯ, ಸಣ್ಣ ನೇಯ್ಗೆಯ ಕಾಶಾನ್ ಕಂಡರೆ ಸಾಕು, ವ್ಯಾಪಾರಿಗಳು ಅದೇ ಹೆಸರು ಹೇಳುತ್ತಾರೆ. ಇರಾನಿನದೇ ಇನ್ನೊಂದು ನೇಯ್ಗೆಯ ಊರಾದ ತಬ್ರೀಜ್‌ನ ಹಾಜಿ ಜಲೀಲಿ ಹೆಸರಿನ ಕಥೆಯೂ ಇಷ್ಟೇ. ಕಾರ್ಪೆಟ್ ಚೆನ್ನಾಗಿದ್ದರೆ ಅದರ ಚಂದಕ್ಕೆ ದುಡ್ಡು ಕೊಡಿ. ಸಹಿ ಇಲ್ಲದ ಹೆಸರಿಗೆ ಒಂದು ಪೌಂಡ್ ಕೂಡ ಜಾಸ್ತಿ ಕೊಡಬೇಡಿ.

ಈಗ ಮೂಲೆ ಎತ್ತಿ ಹಿಂಬದಿ ತಿರುವಿ. ನನ್ನ ಪ್ರಕಾರ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಾಶಾನಿನಲ್ಲಿ ಹಾಸು, ಅಂದರೆ ಉದ್ದದ ನೂಲು, ಸಾಮಾನ್ಯವಾಗಿ ಹತ್ತಿಯದು. ಹೊಕ್ಕು, ಅಂದರೆ ಅಡ್ಡದ ನೂಲು, ಹೆಚ್ಚಾಗಿ ನೀಲಿ ಬಣ್ಣದ ತೆಳು ನೂಲು. ಗಂಟಿನ ಸಾಲುಗಳ ನಡುವೆ ಆ ನೀಲಿ ಸಣ್ಣಗೆ ಇಣುಕುತ್ತಿರುತ್ತದೆ. ಗಂಟು ಪರ್ಷಿಯನ್ ಗಂಟು, ಅಂದರೆ ಉಣ್ಣೆ ಒಂದು ಹಾಸನ್ನು ಪೂರ್ತಿ ಸುತ್ತಿ, ಪಕ್ಕದ ಹಾಸಿನ ಹಿಂದೆ ಸುಮ್ಮನೆ ಹಾದುಬರುತ್ತದೆ. ತಬ್ರೀಜ್‌ನವರು ಎರಡೂ ಹಾಸನ್ನು ಸುತ್ತುವ ಟರ್ಕಿ ಗಂಟನ್ನು ಕೊಕ್ಕೆ ಇರುವ ಚಾಕುವಿನಿಂದ ಹಾಕುತ್ತಾರೆ. ಕೆರ್ಮಾನಿನ ಹಳೆಯ ಕೆಲಸದಲ್ಲಿ ಗಂಟಿನ ಒಂದೊಂದು ಸಾಲಿಗೂ ಮೂರು ಹೊಕ್ಕು. ಊರು ಗುರುತಿಸುವುದು ಹೀಗೆ. ಡಿಸೈನ್ ಒಂದನ್ನೇ ನೋಡಿ ಊರು ಹೇಳಲು ಹೋಗಬೇಡಿ. ಕಾಶಾನ್ ಡಿಸೈನನ್ನು ಭಾರತ, ಪಾಕಿಸ್ತಾನ, ಚೀನಾದಲ್ಲೂ ನೇಯ್ದಿದ್ದಾರೆ.

ಗಂಟು ಎಣಿಸುವಾಗ ಒಂದು ಎಚ್ಚರ. ಎರಡು ಹಾಸುನೂಲುಗಳಿಗೆ ಒಂದು ಗಂಟು ಹಾಕುವ ಕಡೆ ನಾಲ್ಕು ಹಾಸುನೂಲುಗಳಿಗೆ ಒಂದೇ ಗಂಟು ಹಾಕಿ ಬೇಗ ಮುಗಿಸುವುದುಂಟು. ಅದಕ್ಕೆ ಜುಫ್ತಿ ಅನ್ನುತ್ತಾರೆ. ಆ ಜಾಗದಲ್ಲಿ ಉಣ್ಣೆ ತೆಳುವಾಗಿ, ಬೇಗ ಸವೆಯುತ್ತದೆ. ಹಾಗೆಯೇ ತಬ್ರೀಜ್ ಕಾರ್ಪೆಟ್‌ಗೆ '50 ರಜ್' ಅಂದರೆ ಸುಮಾರು 7 ಸೆಂಟಿಮೀಟರ್ ಅಗಲಕ್ಕೆ 50 ಗಂಟು ಅಂತ. ಅದನ್ನು ಚದರ ಇಂಚಿನ ಲೆಕ್ಕದ ಜೊತೆ ಬೆರೆಸಬೇಡಿ.

ಉಣ್ಣೆಯ ವಿಷಯ ನನಗೆ ತುಂಬ ಇಷ್ಟ. 19ನೇ ಶತಮಾನದ ಕೊನೆಯಿಂದ ಸುಮಾರು 1930ರವರೆಗೆ ಕಾಶಾನಿನ ಒಳ್ಳೆಯ ವರ್ಕ್‌ಶಾಪ್‌ಗಳು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ಗಿರಣಿಗಳಲ್ಲಿ ನೂತ ಮೆರಿನೋ ಕುರಿಯ ಉಣ್ಣೆ ತರಿಸುತ್ತಿದ್ದವು. ಅಂಥವಕ್ಕೆ ಇಂದಿಗೂ 'ಮ್ಯಾಂಚೆಸ್ಟರ್ ಕಾಶಾನ್' ಅನ್ನುತ್ತಾರೆ. ಅಂಗೈ ಆಡಿಸಿದರೆ ಸಾಕು, ಆ ನುಣುಪು, ಆ ಹೊಳಪು ಬೇರೆಯೇ. ನಿಮ್ಮದು ಆ ಉಣ್ಣೆಯದು ಅಂತ ಗೊತ್ತಾದರೆ 1939ಕ್ಕಿಂತ 1900ರ ವಾದಕ್ಕೆ ಬಲ ಬರುತ್ತದೆ.

ಆಮೇಲೆ ಬಣ್ಣ. ಕಪ್ಪು ಮತ್ತು ಕಡುಕಂದು ಇರುವ ಜಾಗ ಹುಡುಕಿ. ಹಿಂದೆ ಆ ಬಣ್ಣಕ್ಕೆ ಕಬ್ಬಿಣದ ಅಂಶ ಸೇರಿಸುತ್ತಿದ್ದರು, ಅದು ವರ್ಷ ಕಳೆದಂತೆ ಉಣ್ಣೆಯನ್ನೇ ತಿನ್ನುತ್ತದೆ. ಹೂವಿನ ಗೆರೆಯ ಕಂದು ಮಾತ್ರ ಸವೆದು ತಗ್ಗಾಗಿ, ಪಕ್ಕದ ಕೆಂಪು, ನೀಲಿ ಉಬ್ಬಿ ನಿಂತಿರುತ್ತದೆ. ಬೆರಳಿಗೇ ಗೊತ್ತಾಗುತ್ತದೆ. ಆಮೇಲೆ ಉಣ್ಣೆಯನ್ನು ಬೆರಳಿನಿಂದ ಅಗಲಿಸಿ ಬುಡ ನೋಡಿ. ತುದಿ ಪೂರ್ತಿ ಮಂಕಾಗಿ ಬುಡ ಕಣ್ಣು ಕುಕ್ಕುವಂತಿದ್ದರೆ ಶುರುವಿನ ಕಾಲದ ರಾಸಾಯನಿಕ ಬಣ್ಣ ಅಂತ ಅನುಮಾನ ಪಡಬೇಕು. ಮುಂದೆ ಕಡುಗೆಂಪು, ಹಿಂದೆ ತಿಳಿ ಗುಲಾಬಿ ಇದ್ದರೆ ಅದು ಆಮೇಲೆ ಕೈಯಿಂದ ಬಣ್ಣ ಬಳಿದದ್ದು. 1920ರ ದಶಕದಲ್ಲಿ ಅಮೆರಿಕದ ಗಿರಾಕಿಗಳ ರುಚಿಗೆ ಇರಾನಿನದೇ ಆದ ಸಾರೂಕ್ ಕಾರ್ಪೆಟ್‌ಗಳಿಗೆ ಹೀಗೆ ಮಾಡುತ್ತಿದ್ದರು. ಎಳೆ ಸುಡುವ ಪರೀಕ್ಷೆಯನ್ನು ಹರಾಜಿನ ಜಾಗದಲ್ಲಿ ಮಾಡಲೇಬೇಡಿ. ಹರಾಜಿನವರ ಒಪ್ಪಿಗೆ ಕೇಳಿ, ಒದ್ದೆ ಮಾಡಿದ ಬಿಳಿ ಹತ್ತಿ ಬಟ್ಟೆ ಒತ್ತಿ ನೋಡಿದರೆ ಬಣ್ಣ ಬಿಡುತ್ತದಾ ಅಂತ ತಿಳಿಯುತ್ತದೆ.

ಸ್ಥಿತಿ ನೋಡುವುದು ಬೇಗ ಆಗುವ ಕೆಲಸ. ಬೆಳಕಿಗೆ ಹಿಡಿದರೆ ತೂತು, ತೇಪೆ ಕಾಣುತ್ತದೆ. ಮೆಲ್ಲಗೆ ಬಗ್ಗಿಸಿದಾಗ ಚಿಟಿಚಿಟಿ ಸದ್ದು ಬಂದರೆ ಹಾಸು ಕೊಳೆತಿದೆ, ಅಂಥದ್ದು ಬೇಡವೇ ಬೇಡ. ಕುಚ್ಚು, ಸೀರೆಯ ಸೆರಗಿನಲ್ಲಿ ಇರುವ ಹಾಗೆ, ಹಾಸಿನ ನೂಲೇ ಮುಂದುವರಿದದ್ದಾಗಿರಬೇಕು. ಬೇರೆ ತಂದು ಹೊಲಿದಿದ್ದರೆ ತುದಿ ಕತ್ತರಿಸಿರಬಹುದು. ನಾಲ್ಕೂ ಬದಿಯ ಬಾರ್ಡರ್ ಪೂರ್ತಿ ಇದೆಯಾ ಅಂತ ಅಳೆದು ನೋಡಿ.

ಲಂಡನ್ನಿನಲ್ಲೇ ಇದ್ದೀರಿ, ಹರಾಜಿಗೆ ಮೊದಲು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ ಬನ್ನಿ. ಅಲ್ಲಿನ ಅರ್ದಬಿಲ್ ಅನ್ನುವ ಹೆಸರಾಂತ ಇರಾನಿ ಕಾರ್ಪೆಟ್ ಮೇಲೆ ಕಾಶಾನಿನ ಮಕ್ಸೂದ್ ಅನ್ನುವ ಹೆಸರು, ಹಿಜರಿ 946 ಅನ್ನುವ ಇಸವಿ ಎರಡೂ ಇವೆ. ಮೊದಲು ಹೇಳಿದ ಲೆಕ್ಕ ಹಾಕಿ, 1539 ಬರುತ್ತದೆ. ಬಣ್ಣ ಕೆಡಬಾರದು ಅಂತ ಅರ್ಧ ಗಂಟೆಗೊಮ್ಮೆ ಹತ್ತು ನಿಮಿಷ ಮಾತ್ರ ದೀಪ ಹಾಕುತ್ತಾರೆ. ಆ ಹತ್ತು ನಿಮಿಷವೂ ಮೂಲೆಗಳನ್ನೇ ನೋಡಿ. ಬಾರ್ಡರಿನ ಬಳ್ಳಿ ಎಲ್ಲೂ ತುಂಡಾಗದೆ ಮೂಲೆ ತಿರುಗುತ್ತದೆ. ಮೊದಲೇ ಕಾಗದದ ಮೇಲೆ ನಕ್ಷೆ ಬರೆದುಕೊಂಡು ನೇಯುವ ಒಳ್ಳೆಯ ವರ್ಕ್‌ಶಾಪಿನ ಗುರುತು ಅದು. ಹಳ್ಳಿಯ ಕಾರ್ಪೆಟ್‌ನಲ್ಲಿ ಬಳ್ಳಿ ಮೂಲೆಯಲ್ಲಿ ಅರ್ಧಕ್ಕೇ ನಿಂತುಬಿಡುತ್ತದೆ. ಅದರದ್ದೂ ಒಂದು ಚಂದ ಇದೆ, ಆದರೆ ನೀವು ಕೊಡಲು ಹೊರಟಿರುವ ಬೆಲೆ ವರ್ಕ್‌ಶಾಪಿನದು ಅಲ್ವಾ?

ಮುಂದೆ ಬೆಂಗಳೂರಿಗೆ ತರುತ್ತೇನೆ ಅಂದಿದ್ದೀರಿ. ನಮ್ಮಲ್ಲಿ 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಒಮ್ಮೆ ತಂದ ಮೇಲೆ ವಾಪಸ್ ಒಯ್ಯುವುದು ಕಷ್ಟವಾಗಬಹುದು. ಕೊಳ್ಳುವ ಮೊದಲೇ ಕಸ್ಟಮ್ಸ್‌ನವರನ್ನು ವಿಚಾರಿಸಿ, ರಸೀದಿ ಜೋಪಾನ ಮಾಡಿ.

ಹರಾಜಿನ ಮೊದಲು ಕಾರ್ಪೆಟ್ ನೋಡಲು ಬಿಡುವ ದಿನ ಹೋದಾಗ ನಾಲ್ಕು ಫೋಟೋ ತೆಗೆದು ಇಲ್ಲಿ ಹಾಕಿ: ಸ್ಕೇಲ್ ಇಟ್ಟ ಹಿಂಬದಿ, ಇಸವಿ ಇರುವ ಜಾಗದ ಹಿಂಬದಿ, ಒಂದು ಮೂಲೆ, ಮತ್ತು ಅಗಲಿಸಿ ಹಿಡಿದ ಉಣ್ಣೆಯ ಬುಡ. ಹೊಕ್ಕು ನೀಲಿಯೋ ಅಲ್ಲವೋ ಅಂತ ಫೋಟೋದಲ್ಲೇ ನೋಡಿ ಹೇಳುತ್ತೇನೆ.